ಕೆಂಪು ನೂಲಿನ ಕೊಂಡಿ

ಇಳಕಲ್ಲಿನಲ್ಲಿ ಶಿವಸಂಗಪ್ಪ ಎಂಬ ಹೆಸರಿನವರು ಓಣಿಗೊಬ್ಬರು ಸಿಗುತ್ತಾರೆ. ಆದರೆ ಎಪ್ಪತ್ತರ ದಶಕದಲ್ಲಿ ಯಾವುದೇ ಲಾರಿ ಡ್ರೈವರನನ್ನು ನಿಲ್ಲಿಸಿ ‘ಲೈಟಿನ ಸಂಗಪ್ಪ ಎಲ್ಲಿರ್ತಾನ’ ಎಂದು ಕೇಳಿದ್ದರೆ, ಅವನು ಹುನಗುಂದ ರಸ್ತೆಯ ಬೇವಿನ ಮರದ ಕೆಳಗಿದ್ದ ತಗಡಿನ ಶೆಡ್ಡಿನ ಕಡೆ ಕೈ ತೋರಿಸುತ್ತಿದ್ದ. ಆ ಶೆಡ್ಡಿಗೆ ಹೆಸರಿನ ಹಲಗೆ ಇರಲಿಲ್ಲ. ಗೋಡೆಗೆ ಒರಗಿಸಿಟ್ಟ ಒಡೆದ ಹೆಡ್‌ಲೈಟುಗಳೇ ಅದರ ಹಲಗೆ.

ಶಿವಸಂಗಪ್ಪ ನೇಕಾರರ ಮಗ. ಅಪ್ಪ ಗೋವಿಂದಪ್ಪ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತರೆ ಊಟಕ್ಕೆ ಮಾತ್ರ ಮೇಲೆ ಬರುವ ಮನುಷ್ಯ. ಅಂಥವನ ಮಗ ಬಾಗಲಕೋಟೆಯಲ್ಲಿ ಲಾಡಸಾಬ ಎಂಬ ಮಿಸ್ತ್ರಿಯ ಹತ್ತಿರ ಗಾಡಿಗಳ ವಾಯರಿಂಗು ಕಲಿತು ಬಂದಾಗ ಮನೆಯಲ್ಲಿ ಸಣ್ಣ ರಂಪವೇ ಆಯಿತು. ‘ನೂಲು ಬಿಟ್ಟು ತಂತಿ ಹಿಡದಾನ’ ಎಂದು ಗೋವಿಂದಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ಅತ್ತ. ಆದರೆ ನೂಲು ಅವನನ್ನು ಬಿಟ್ಟಿರಲಿಲ್ಲ.

ಇಳಕಲ್ ಸೀರೆಯ ಒಡಲಿಗೆ ಒಂದು ಹಾಸು, ಅಂದರೆ ಉದ್ದಕ್ಕೆ ಹೂಡಿದ ಎಳೆಗಳು, ಸೆರಗಿಗೆ ಇನ್ನೊಂದು ಹಾಸು. ಒಡಲಿನ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆಯನ್ನು ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕಿ ಕೂಡಿಸಬೇಕು. ಜಗ್ಗಿದಷ್ಟೂ ಅದು ಬಿಗಿಯಾಗುತ್ತದೆಯೇ ಹೊರತು ಬಿಚ್ಚುವುದಿಲ್ಲ. ಶಿವಸಂಗಪ್ಪ ಗಾಡಿಯ ವಾಯರನ್ನೂ ಹಾಗೆಯೇ ಕೂಡಿಸುತ್ತಿದ್ದ. ಬೇರೆ ಮಿಸ್ತ್ರಿಗಳು ಎರಡು ತುದಿ ಹಿಡಿದು ತಿರುವಿ ಟೇಪು ಸುತ್ತಿ ಕೈ ತೊಳೆದುಕೊಂಡರೆ, ಇವನು ತಾಮ್ರದ ತಂತಿಗೆ ಕೊಂಡಿ ಹಾಕಿ, ಬೆಸುಗೆ ಬಿಟ್ಟು, ಮೇಣ ಸವರಿದ ಬಿಳಿ ಹತ್ತಿ ನೂಲನ್ನು ಬಿಗಿಯಾಗಿ ಸುತ್ತಿ, ಆಮೇಲೆ ಟೇಪು ಹಚ್ಚುತ್ತಿದ್ದ. ಟೇಪಿನ ಮೇಲಿಂದಲೇ ಬೆರಳಾಡಿಸಿದರೆ ಅವರೆಕಾಳಿನಷ್ಟು ಗಂಟು ಸಿಗುತ್ತಿತ್ತು. ‘ಇದು ಸಂಗಪ್ಪನ ಗಂಟು’ ಎಂದು ಡ್ರೈವರುಗಳು ಕತ್ತಲಲ್ಲೂ ಹೇಳುತ್ತಿದ್ದರು. ಹೊಸಪೇಟೆಯ ತನಕ ಹೋದ ಲಾರಿಗಳಲ್ಲೂ ಆ ಗಂಟು ಇತ್ತು, ಮತ್ತು ಶಿವಸಂಗಪ್ಪನಿಗೆ ಅದರ ಮೇಲೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳ ಮೇಲಿರುವಂಥ ಮಮಕಾರ ಇತ್ತು. ಯಾರಿಗೂ ಅದನ್ನು ಕಲಿಸಿರಲಿಲ್ಲ.

ಒಬ್ಬನಿಗೆ ಬಿಟ್ಟು.

ಅವನು ಅಂದಾನಪ್ಪ. ಸೀರೆ ವ್ಯಾಪಾರಿ ಶಂಕ್ರಪ್ಪನವರ ಜೀಪಿನ ಡ್ರೈವರು. ಶಂಕ್ರಪ್ಪನವರು ವಾರಕ್ಕೊಮ್ಮೆ ಸೀರೆ ಗಂಟು ಹೇರಿಕೊಂಡು ಗುಳೇದಗುಡ್ಡಕ್ಕೆ ಹೋಗಿ, ಅಲ್ಲಿಂದ ಕುಪ್ಪಸದ ಖಣ ತುಂಬಿಕೊಂಡು, ಕಮತಗಿ, ಅಮೀನಗಡ, ಹುನಗುಂದದ ಮೇಲೆ ಕತ್ತಲಾದ ಮೇಲೆ ಊರಿಗೆ ಮರಳುತ್ತಿದ್ದರು. ಜೀಪು ಹಳೆಯದು. ಯಾವುದೋ ಸರ್ಕಾರಿ ಲಿಲಾವಿನಲ್ಲಿ ಕೂಗಿ ಹಿಡಿದದ್ದು. ಅದನ್ನು ಅಂದಾನಪ್ಪ ತನ್ನ ಎತ್ತಿನಂತೆ ನೋಡಿಕೊಳ್ಳುತ್ತಿದ್ದ. ಗಾಡಿ ಹೊಡೆಯದ ದಿನ ಅವನು ಶಿವಸಂಗಪ್ಪನ ಶೆಡ್ಡಿನಲ್ಲೇ ಬಿದ್ದಿರುತ್ತಿದ್ದ. ಮಧ್ಯಾಹ್ನ ಶಿವಸಂಗಪ್ಪನ ಹೆಂಡತಿ ರತ್ನವ್ವ ರೊಟ್ಟಿ ಬುತ್ತಿ ತಂದರೆ ಅದರಲ್ಲಿ ಅಂದಾನಪ್ಪನ ಪಾಲೂ ಇರುತ್ತಿತ್ತು. ಅವಳನ್ನು ಅವನು ‘ಅಕ್ಕಾ’ ಎನ್ನುತ್ತಿದ್ದ. ಜೀಪಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಲು ದಾರ ಬೇಕೆಂದು ಕೇಳಿದಾಗ, ರತ್ನವ್ವ ಸೆರಗಿಗೆ ಇಟ್ಟಿದ್ದ ಕೆಂಪು ರೇಷ್ಮೆ ನೂಲಿನ ಒಂದು ಲಡಿಯನ್ನೇ ಕೊಟ್ಟಿದ್ದಳು.

ಕೊಂಡಿ ಕಲಿಸಿದ್ದೂ ಇಂಥ ಒಂದು ಮಧ್ಯಾಹ್ನವೇ.

‘ನಡುದಾರ್ಯಾಗ ವಾಯರ ಹರದ್ರ ನಿನ್ನ ಎಲ್ಲಿ ಹುಡುಕ್ಲಿ? ಕಲಿಸಲೇ ಸಂಗ್ಯಾ, ನಾ ಏನ್ ಶೆಡ್ಡು ಹಾಕಾಂವ ಅದೇನೇನು?’ ಎಂದ ಅಂದಾನಪ್ಪ.

ಶಿವಸಂಗಪ್ಪ ನಕ್ಕು ಕಲಿಸಿದ. ಅಂದಾನಪ್ಪನ ಬೆರಳು ಮೊಂಡು, ಆದರೆ ಹಟ ಇತ್ತು. ಸಂಜೆಯ ಹೊತ್ತಿಗೆ ಕೊಂಡಿ ಬಂತು. ಬೆಸುಗೆ ಮಾತ್ರ ಬರಲಿಲ್ಲ.

ತೊಂದರೆ ಶುರುವಾಗಿದ್ದು ಅದಾದ ಮಳೆಗಾಲದಲ್ಲಿ. ಅಮೀನಗಡ ದಾಟಿದ ಮೇಲೆ ಜೀಪಿನ ಎರಡೂ ಹೆಡ್‌ಲೈಟು ಒಮ್ಮೆಗೇ ಆರಿದವು. ಶಂಕ್ರಪ್ಪನವರು ಒಳಗಿದ್ದರು. ಅಂದಾನಪ್ಪ ಇಳಿದು ಬಾನೆಟ್ಟಿಗೆ ಎರಡು ಗುದ್ದಿ ಮತ್ತೆ ಬಂದು ಕೂತ, ಲೈಟು ಬಂದವು. ಮರುದಿನ ಬೆಳಿಗ್ಗೆ ಜೀಪು ಶೆಡ್ಡಿಗೆ ಬಂತು.

ಶಿವಸಂಗಪ್ಪ ಸಮಾಧಾನದ ಮನುಷ್ಯ. ಮೊದಲು ಕೇಳಿದ, ‘ಲೈಟು ಹೋದಾಗ ಹಾರ್ನ್ ಒದರತಿತ್ತಿಲ್ಲೋ?’

‘ಒದರತಿತ್ತು.’

‘ಸಣ್ಣ ದೀಪ?’

‘ಉರೀತಿದ್ವು.’

ಹಾಗಾದರೆ ಬ್ಯಾಟರಿಯ ತಪ್ಪಲ್ಲ. ಎರಡು ಬಲ್ಬು ಒಂದೇ ಗಳಿಗೆಗೆ ಸಾಯುವುದಿಲ್ಲ, ಆದ್ದರಿಂದ ಬಲ್ಬಿನ ತಪ್ಪೂ ಅಲ್ಲ. ಡ್ಯಾಶ್‌ಬೋರ್ಡಿನ ಮೇಲಿನ ಮುಂದಿನ ಸ್ವಿಚ್ಚಿನಿಂದ ಹೊರಟ ಕರೆಂಟು ಡ್ರೈವರನ ಎಡಗಾಲ ಬಳಿಯ ಡಿಪ್ಪರ್ ಸ್ವಿಚ್ಚಿಗೆ ಬಂದು ಅಲ್ಲಿಂದ ಎರಡೂ ಲೈಟಿಗೆ ಹಂಚಿಕೆಯಾಗುತ್ತದೆ. ಜಡ್ಡು ಅಲ್ಲೇ ಎಲ್ಲೋ ಇರಬೇಕು. ಡಿಪ್ಪರ್ ಸ್ವಿಚ್ಚು ಬಿಚ್ಚಿದ. ಒಳಗೆ ಕಾಲಿನ ಕೆಸರೆಲ್ಲ ಸೇರಿ ಗಟ್ಟಿಯಾಗಿತ್ತು. ಉಸುಕಿನ ಕಾಗದದಿಂದ ತಿಕ್ಕಿ ಹೊಳೆಯುವಂತೆ ಮಾಡಿ ಕೂಡಿಸಿದ. ‘ಇನ್ನ ಬೇಫಿಕೀರ್ ಹೋಗ್ರಿ ಸಾವಕಾರ್ರ’ ಎಂದ.

ಎರಡು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಆರಿದವು.

ಈ ಸಲ ಶಿವಸಂಗಪ್ಪ ಡಿಪ್ಪರ್ ಸ್ವಿಚ್ಚನ್ನೇ ಹೊಸದು ಹಾಕಿದ. ವರ್ಷವರ್ಷ ಮಹಾನವಮಿಯ ಖಂಡೆಪೂಜೆಗೆ ಜೀಪಿಗೆ ಬಣ್ಣ ಬಳಿಯುತ್ತಿದ್ದರಲ್ಲ, ಆ ಬಣ್ಣ ಅರ್ತಿಂಗಿನ ಬೋಲ್ಟನ್ನೂ ಮುಚ್ಚಿತ್ತು. ಅದನ್ನು ಕೆರೆದು ಕಬ್ಬಿಣ ಕಾಣಿಸಿದ. ಮುಂದಿನ ಸ್ವಿಚ್ಚು ನೋಡಿದ. ಕೊನೆಗೆ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ, ಕಣ್ಣಿಗೆ ಕಾಣದ ಜಾಗದಲ್ಲಿ ವಾಯರಿನ ಉದ್ದಕ್ಕೂ ಬೆರಳಾಡಿಸಿದ. ಅರ್ಧಕ್ಕೆ ಬೆರಳಿಗೆ ಅವರೆಕಾಳಿನಷ್ಟು ಗಂಟು ಸಿಕ್ಕಿತು. ತನ್ನದೇ ಗಂಟು. ಆ ಜೀಪಿನಲ್ಲಿ ಅವನ ಗಂಟುಗಳು ಎಷ್ಟೋ ಇದ್ದವು, ಯಾವುದು ಎಲ್ಲಿ ಹಾಕಿದ್ದೆಂದು ಅವನಿಗಾದರೂ ಹೇಗೆ ನೆನಪಿರಬೇಕು? ತನ್ನ ಗಂಟು ಕೈಕೊಟ್ಟ ದಿನ ಅವನ ಆಯುಷ್ಯದಲ್ಲೇ ಇರಲಿಲ್ಲ. ಬೆರಳು ಅದನ್ನು ದಾಟಿ ಮುಂದೆ ಹೋಯಿತು.

ಅಯ್ಯೋ ಪುಣ್ಯಾತ್ಮ, ಒಂದು ಗಳಿಗೆ ಅಲ್ಲೇ ನಿಲ್ಲಬಾರದಿತ್ತೇ ಅನಿಸುತ್ತದೆ. ಬೇರೆ ಯಾವ ಮಿಸ್ತ್ರಿಯಾಗಿದ್ದರೂ ಆ ಟೇಪು ಬಿಚ್ಚಿ ನೋಡುತ್ತಿದ್ದ. ಅವನಿಗೆ ಮಾತ್ರ ಅದು ಸಾಧ್ಯವಿರಲಿಲ್ಲ.

ಮೂರನೆಯ ಸಲ, ಮತ್ತೆ ಅಮೀನಗಡದ ಆಚೆಗೇ, ಲೈಟು ಆರಿದಾಗ ಎದುರಿಗೆ ಜೋಳದ ಕಣಿಕಿ ಹೇರಿದ ಎತ್ತಿನ ಚಕ್ಕಡಿ ಬರುತ್ತಿತ್ತು. ಜೀಪು ರಸ್ತೆ ಬಿಟ್ಟು ಹೊಲಕ್ಕಿಳಿಯಿತು. ಖಣದ ಗಂಟುಗಳು ಕೆಸರಿಗೆ ಬಿದ್ದವು, ಶಂಕ್ರಪ್ಪನವರ ಹಣೆ ಬದನೆಕಾಯಿಯಂತೆ ಊದಿತು. ಮರುದಿನ ಅವರು ಹಣೆಗೆ ಪಟ್ಟಿ ಕಟ್ಟಿಕೊಂಡೇ ಶೆಡ್ಡಿಗೆ ಬಂದರು. ಆಗ ಅಲ್ಲಿ ರಿಪೇರಿಗೆ ನಿಂತ ಲಾರಿಯವರೂ ಇದ್ದರು.

‘ಸಂಗಪ್ಪ, ನಿನ್ನ ಕೈಗುಣ ತೀರೇತಿ. ಮಂದಿ ಜೀವದ ಕೂಡ ಆಟ ಆಡಬ್ಯಾಡ. ಮಗ್ಗಾ ಐತಲ್ಲ, ಹೋಗಿ ನೇಯಿ’ ಎಂದರು.

ಶಿವಸಂಗಪ್ಪ ಕೈಲಿದ್ದ ಟೇಪನ್ನು ಕೆಳಗಿಟ್ಟ. ಮಾತಾಡಿದವನು ಅಂದಾನಪ್ಪ. ‘ಸಾವಕಾರ್ರ, ಅವನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಪಾಪ, ಅವಂಗ ತಿಳಿದಷ್ಟು ಅಂವ ಮಾಡ್ಯಾನ. ಹಳೇ ಗಾಡಿ, ಯಾರೇನ್ ಮಾಡ್ತಾರ?’ ಎಂದ. ಆ ಹೊತ್ತಿಗೆ ಶಿವಸಂಗಪ್ಪನಿಗೆ ಅದು ಅಮೃತದಂತೆ ಕೇಳಿಸಿತು. ನನ್ನ ಪರವಾಗಿ ಆಡುವವನು ಇವನೊಬ್ಬನಾದರೂ ಇದ್ದಾನಲ್ಲ ಎಂದು ಕಣ್ಣಲ್ಲಿ ನೀರು ತಂದುಕೊಂಡ. ‘ಅವಂಗ ತಿಳಿದಷ್ಟು’ ಎಂಬ ಮಾತಿನಲ್ಲಿದ್ದ ಮುಳ್ಳು ಅವನಿಗೆ ಚುಚ್ಚಲೇ ಇಲ್ಲ.

ಶಂಕ್ರಪ್ಪನವರಿಗೆ ಜೀಪಿನ ಮುಖ ನೋಡಿದರೆ ಎದೆ ಹೊಡೆದುಕೊಳ್ಳುವಂತಾಯಿತು. ‘ನೀನ ತಗೋ, ಏನರ ಕೊಡು’ ಎಂದು ಅಂದಾನಪ್ಪನಿಗೇ ಮಾರಿದರು. ಗುಜರಿಗೆ ಹಾಕಿದ್ದರೂ ಅದಕ್ಕಿಂತ ಹೆಚ್ಚು ಬರುತ್ತಿತ್ತೆಂದು ಊರು ಆಡಿಕೊಂಡಿತು. ಅಂದಾನಪ್ಪ ಅದಕ್ಕೆ ಹಸಿರು ಬಣ್ಣ ಹೊಡೆಸಿ ಇಳಕಲ್ಲಿನಿಂದ ಹುನಗುಂದಕ್ಕೆ ಮಂದಿಯನ್ನು ಹತ್ತಿಸಿಕೊಂಡು ಸೀಟು ಹೊಡೆಯತೊಡಗಿದ.

ಲೈಟುಗಳು ಮತ್ತೆ ಆರಲಿಲ್ಲ.

‘ಬಾಗಲಕೋಟಿಯಾಗ ಒಬ್ಬಾಂವ ಮಿಸ್ತ್ರಿ ಅದಾನ್ರಿ. ಹಿಂಗ ಮುಟ್ಟಿದ, ಹಂಗ ಸರಿ ಆತು’ ಎಂದು ಅಂದಾನಪ್ಪ ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಹೇಳುತ್ತಿದ್ದನಂತೆ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಲೈಟಿನ ಸಂಗಪ್ಪನಿಗೆ ಒಂದು ಜೀಪಿನ ಲೈಟು ಹಚ್ಚಲಿಕ್ಕೆ ಬರಲಿಲ್ಲವಂತೆ ಎಂಬ ಮಾತು ಕುಷ್ಟಗಿಯವರೆಗೆ ಹೋಯಿತು. ಲಾರಿಗಳು ಬೇವಿನ ಮರ ದಾಟಿ ಮುಂದಿನ ಶೆಡ್ಡಿಗೆ ಹೋಗತೊಡಗಿದವು. ಅಂದಾನಪ್ಪನ ಬರವೂ ನಿಂತಿತು. ಈಗ ಅವನು ಮಾಲೀಕ, ಪುರಸೊತ್ತು ಇರುವುದಿಲ್ಲ ಎಂದು ಶಿವಸಂಗಪ್ಪನೇ ರತ್ನವ್ವನಿಗೆ ಸಮಜಾಯಿಷಿ ಹೇಳಿದ.

ಗಿರಾಕಿ ಹೋದದ್ದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಅವನಿಗೆ ತನ್ನ ಕೈಯ ಮೇಲೇ ಸಂಶಯ ಬಂತು. ಎಲ್ಲ ಸರಿಯಾಗಿ ನೋಡಿದ್ದೆ, ಏನು ಬಿಟ್ಟೆ? ಬಾಗಲಕೋಟೆಯವನಿಗೆ ಕಂಡದ್ದು ನನಗೇಕೆ ಕಾಣಲಿಲ್ಲ? ಊಟಕ್ಕೆ ಕೂತಾಗಲೂ ತಾಟಿನ ಅಂಚಿನ ಮೇಲೆ ಬೆರಳಿನಿಂದ ವಾಯರಿನ ದಾರಿ ಬರೆಯುತ್ತಿದ್ದ. ಸ್ವಿಚ್ಚು, ಡಿಪ್ಪರು, ಲೈಟು, ಅರ್ತಿಂಗು, ಮತ್ತೆ ಸ್ವಿಚ್ಚು. ಎಷ್ಟು ಸಲ ಬರೆದರೂ ತಪ್ಪು ಸಿಗುತ್ತಿರಲಿಲ್ಲ. ಕೊನೆಗೊಂದು ದಿನ ಶೆಡ್ಡಿಗೆ ಬೀಗ ಜಡಿದು, ಸತ್ತ ಅಪ್ಪನ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತ. ‘ನಿಮ್ಮಪ್ಪ ಇದ್ದಿದ್ರ ಖುಷಿ ಪಡ್ತಿದ್ದ’ ಎಂದು ರತ್ನವ್ವ ಚೇಷ್ಟೆ ಮಾಡಲು ಹೋದಳು. ಅವನ ಮುಖ ನೋಡಿ ಒಳಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಮರುವರ್ಷದ ಮಹಾನವಮಿ ಬಂತು. ಖಂಡೆಪೂಜೆಯ ದಿನ ಆ ಸೀಮೆಯಲ್ಲಿ ಮಗ್ಗ, ಕುಡಗೋಲು, ತಕ್ಕಡಿ, ಗಾಡಿ ಎಲ್ಲಕ್ಕೂ ಪೂಜೆ. ಗಾಡಿಯ ಪೂಜೆಗೆ ಎಂಜಿನ್ ಚಾಲೂ ಇರಬೇಕು, ಹೆಡ್‌ಲೈಟು ಉರಿಯುತ್ತಿರಬೇಕು, ಆಗ ಕಾಯಿ ಒಡೆಯಬೇಕು. ಲೈಟು ಹತ್ತದ ಗಾಡಿಗೆ ಪೂಜೆ ಮಾಡಿದರೆ ಕುರುಡು ಎತ್ತಿಗೆ ಕೊರಳಗಂಟೆ ಕಟ್ಟಿದಂತೆ ಎನ್ನುತ್ತಿದ್ದರು. ಅವತ್ತು ಬೆಳಿಗ್ಗೆ ಶಿವಸಂಗಪ್ಪ ಮಗ್ಗಕ್ಕೆ ಮಾವಿನ ತೋರಣ ಕಟ್ಟುತ್ತಿದ್ದಾಗ ಅಂದಾನಪ್ಪ ಬಾಗಿಲಲ್ಲಿ ನಿಂತಿದ್ದ.

‘ಸಂಗ್ಯಾ, ಒಂದೀಟು ಬಾರಲೇ. ಲೈಟು ಪೂರಾ ಹೋಗ್ಯಾವು. ಹಬ್ಬದ ದಿನ ಯಾ ಶೆಡ್ಡೂ ತಗದಿಲ್ಲ.’

‘ಬಾಗಲಕೋಟಿಯಾಂವಗ ತೋರ್ಸು’ ಎಂದಳು ರತ್ನವ್ವ ಒಳಗಿನಿಂದ.

ಶಿವಸಂಗಪ್ಪ ಹೋದ. ಸ್ನೇಹಕ್ಕಾಗಿ ಹೋದನೆಂದು ಯಾರಾದರೂ ತಿಳಿದರೆ ಅದು ಅರ್ಧ ಸತ್ಯ. ಬಾಗಲಕೋಟೆಯವನು ಎಲ್ಲಿ ಮುಟ್ಟಿದ್ದ ಎಂದು ನೋಡುವ ಹಸಿವು ಅವನನ್ನು ಎಬ್ಬಿಸಿಕೊಂಡು ಹೋಯಿತು. ಅಂದಾನಪ್ಪ ಹೂವಿನ ಹಾರ ತರಲೆಂದು ಬಜಾರಿಗೆ ಹೋದ. ಶಿವಸಂಗಪ್ಪ ಒಬ್ಬನೇ ಉಳಿದ.

ಟೆಸ್ಟ್ ಲ್ಯಾಂಪು ಹಿಡಿದ. ಎರಡು ವಾಯರು ಕಟ್ಟಿದ ಸಣ್ಣ ಬಲ್ಬು ಅದು, ಕರೆಂಟು ಇರುವಲ್ಲಿ ಉರಿಯುತ್ತದೆ. ಮುಂದಿನ ಸ್ವಿಚ್ಚಿನ ಬಾಯಿಗೆ ಇಟ್ಟಾಗ ಉರಿಯಿತು. ಡಿಪ್ಪರಿನ ಬಾಯಿಗೆ ಇಟ್ಟಾಗ ಉರಿಯಲಿಲ್ಲ. ಕರೆಂಟು ನಡುವೆ ಎಲ್ಲೋ ಸತ್ತಿತ್ತು. ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಬೆರಳಾಡಿಸಿದ. ಅವರೆಕಾಳು ಸಿಕ್ಕಿತು. ಈ ಸಲ ದಾಟಿ ಹೋಗಲು ಮುಂದೆ ದಾರಿಯೇ ಇರಲಿಲ್ಲ, ನಡುವೆ ಇದ್ದದ್ದು ಅದೊಂದೇ ಗಂಟು. ವಾಯರನ್ನು ಬೆಳಕಿಗೆ ಜಗ್ಗಿ ಟೇಪು ಬಿಚ್ಚಿದ.

ಒಳಗೆ ಕೊಂಡಿ ಇತ್ತು, ಕುಣಿಕೆಯೊಳಗೆ ಕುಣಿಕೆ, ಅವನದೇ ಕೊಂಡಿ. ಬೆಸುಗೆ ಇರಲಿಲ್ಲ. ತಾಮ್ರ ಹಸಿರು ಕಿಲುಬು ಹಿಡಿದು ಸತ್ತಿತ್ತು. ಅದರ ಸುತ್ತ ಇದ್ದದ್ದು ಬಿಳಿ ಹತ್ತಿ ನೂಲಲ್ಲ, ಕೆಂಪು ರೇಷ್ಮೆ.

ಎದ್ದು ಕೂತ. ಗಟ್ಟಿ ವಾಯರನ್ನು ನಡುವೆ ಕತ್ತರಿಸುವುದು ಕಳ್ಳ ಸ್ವಿಚ್ಚು ಕೂಡಿಸಲಿಕ್ಕೆ ಮಾತ್ರ ಎಂದು ಹೊಳೆದು ಡ್ರೈವರನ ಸೀಟು ಎತ್ತಿದ. ಕೆಳಗಿನ ತಗಡಿನಲ್ಲಿ ಸ್ವಿಚ್ಚು ಕೂಡಿಸಿದ್ದ ಎರಡು ಸ್ಕ್ರೂ ತೂತು, ಹಸಿರು ಬಣ್ಣದ ಕೆಳಗೂ ಕಾಣುತ್ತಿದ್ದವು. ತೊಡೆಯ ಕೆಳಗೆ ಕೈ ಬಿಟ್ಟರೆ ಸಿಗುವಂಥ ಜಾಗ. ಆರಿಸಬೇಕೆಂದಾಗ ಆರಿಸಬಹುದು, ಬಾನೆಟ್ಟಿಗೆ ಗುದ್ದಿ ಬಂದು ಕೂತ ಮೇಲೆ ಹಚ್ಚಬಹುದು. ಅವತ್ತು ಬೆರಳು ದಾಟಿಹೋದ ಗಂಟಿನಿಂದಲೇ ಆ ಸ್ವಿಚ್ಚಿಗೆ ವಾಯರು ಹೋಗಿತ್ತು. ಕೆಲಸ ಮುಗಿದ ಮೇಲೆ ಸ್ವಿಚ್ಚು ಕಿತ್ತು, ಕತ್ತರಿಸಿದ ವಾಯರನ್ನು ಅಲ್ಲೇ ಮತ್ತೆ ಕೂಡಿಸಿದ್ದಾನೆ. ಮೂರು ಸಲವೂ ಅಮೀನಗಡ ದಾಟಿದ ಮೇಲೆ. ಮೂರು ಸಲವೂ ಸಾವಕಾರರು ಒಳಗಿದ್ದಾಗ. ಅಂದಾನಪ್ಪ ಒಬ್ಬನೇ ಇದ್ದಾಗ ಒಮ್ಮೆಯೂ ಅಲ್ಲ. ಬಾಗಲಕೋಟೆಯಲ್ಲಿ ಯಾವ ಮಿಸ್ತ್ರಿಯೂ ಇರಲಿಲ್ಲ.

ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರೆ. ಆದರೆ ಇಲ್ಲಿ ಕೊಯ್ದದ್ದು ಶಿವಸಂಗಪ್ಪನದೇ ಚಾಕುವಿನಿಂದ, ಅವನೇ ಹಿಡಿಯಲು ಕಲಿಸಿದ ಚಾಕುವಿನಿಂದ. ಬಜಾರಿನಲ್ಲಿ ನಿಂತು ಕೂಗಿ ಹೇಳಲೇ ಎಂದುಕೊಂಡ. ಯಾರಿಗೆ ತೋರಿಸುವುದು? ಕೊಂಡಿ ಸಂಗಪ್ಪನದು ಎಂದು ಊರಿಗೆಲ್ಲ ಗೊತ್ತು. ನೂಲು ಸಂಗಪ್ಪನ ಮನೆಯದು. ಅಂದಾನಪ್ಪನ ಹೆಸರು ಅದರ ಮೇಲೆ ಎಲ್ಲಿಯೂ ಇರಲಿಲ್ಲ.

ಆದರೂ ಅವನು ಲೈಟು ಹಚ್ಚಿಯೇ ಎದ್ದ. ಕೆಟ್ಟ ತುಂಡನ್ನು ಕತ್ತರಿಸಿ ಅಂಗಿಯ ಕಿಸೆಗೆ ಹಾಕಿಕೊಂಡು, ಇಡೀ ಹೊಸ ವಾಯರು ಎಳೆದ. ಕೈಗೆ ಬಂದ ಕೆಲಸವನ್ನು ಕೆಡಿಸಿ ಬಿಡುವುದು ಅವನಿಗೆ ಬರುತ್ತಿರಲಿಲ್ಲ. ಹಾರ ಹಿಡಿದು ಬಂದ ಅಂದಾನಪ್ಪ ಉರಿಯುವ ಲೈಟು ನೋಡಿ ಕುಣಿದಾಡಿದ. ‘ನೀನ ಗಟ್ಟಿಗ ಬಿಡಲೇ!’ ಎಂದು ಬೆನ್ನು ತಟ್ಟಿದ. ಶಿವಸಂಗಪ್ಪ ಕಾಯಿ ಒಡೆಯುವ ತನಕವೂ ನಿಲ್ಲಲಿಲ್ಲ.

ಮನೆಯಲ್ಲಿ ಆ ತುಂಡನ್ನು ರತ್ನವ್ವನ ಅಂಗೈಯಲ್ಲಿಟ್ಟ. ಅವಳು ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಎಳೆ ಬಿಡಿಸಿ ನೋಡಿದಳು.

‘ಇದು ನಮ್ಮ ಮನಿ ನೂಲು. ನಿಂಬಿಹಣ್ಣು ಕಟ್ಟಾಕ ಕೊಟ್ಟಿದ್ನೆಲ್ಲ, ಆ ಲಡೀದು. ಆ ಸಲ ಬಣ್ಣಾ ಒಂದೀಟು ಕಪ್ಪಾಗಿತ್ತು’ ಎಂದಳು. ಆಮೇಲೆ ಗಂಡನ ಮುಖ ನೋಡಿದಳು. ಹೇಳುವ ಅಗತ್ಯವೇ ಬರಲಿಲ್ಲ. ‘ಉಂಡ ಮನಿ ಜಂತಿ ಎಣಿಸಿದ್ನಲ್ರಿ’ ಎಂದು ತುಂಡನ್ನು ಗಂಡನ ಕೈಗೆ ಮರಳಿ ಕೊಟ್ಟಳು.

ಮರುದಿನ ಸಂಜೆ ಬನ್ನಿ. ಊರ ಜನ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ, ಒಬ್ಬರ ಕೈಗೊಬ್ಬರು ಎಲೆ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ. ವರ್ಷದ ಜಗಳವೆಲ್ಲ ಅಲ್ಲಿಗೆ ತೀರಬೇಕು. ಹಗೆಯೇ ಕೊಟ್ಟರೂ ಬನ್ನಿ ಬೇಡ ಎನ್ನುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಅಂದಾನಪ್ಪ ಬಂದ, ಹೊಸ ಧೋತರ, ರುಮಾಲು, ಮುಖದ ತುಂಬ ನಗು.

‘ಬನ್ನಿ ತಗೊಂಡು ಬಂಗಾರದಂಗ ಇರೋಣು, ಸಂಗ್ಯಾ.’

ಶಿವಸಂಗಪ್ಪ ಎಲೆ ತೆಗೆದುಕೊಂಡು ಹಣೆಗೆ ಒತ್ತಿಕೊಂಡ. ಪದ್ಧತಿ ಪದ್ಧತಿಯೇ. ಆಮೇಲೆ ಕಿಸೆಗೆ ಕೈ ಹಾಕಿ, ಎಲೆ ಕೊಡುವಂತೆಯೇ ಆ ತುಂಡನ್ನು ಅಂದಾನಪ್ಪನ ಅಂಗೈಯಲ್ಲಿಟ್ಟ.

‘ಇದು ಬಂಗಾರ ಅಲ್ಲ, ತಾಮ್ರ. ನಿಂದ ಐತಿ, ನೀನ ಇಟಗೋ.’

ಅಂದಾನಪ್ಪ ಕೆಂಪು ನೂಲು ನೋಡಿದ. ನಗು ಹೋಯಿತು. ಇಲ್ಲ ಎನ್ನಬಹುದಿತ್ತು, ಆಣೆ ಮಾಡಬಹುದಿತ್ತು. ಶಿವಸಂಗಪ್ಪ ಒಳಗೊಳಗೆ ಅದನ್ನೇ ಬಯಸುತ್ತಿದ್ದ. ಇಲ್ಲ ಎಂದಿದ್ದರೆ ಅವನು ನಂಬುತ್ತಿದ್ದನೋ ಏನೋ.

‘ಯಾಕಲೇ?’ ಎಂದ ಶಿವಸಂಗಪ್ಪ.

ಅಂದಾನಪ್ಪ ನೆಲ ನೋಡುತ್ತ ಹೇಳಿದ, ‘ಜನ್ಮೆಲ್ಲಾ ಮಂದಿ ಗಾಡಿ ಹೊಡದೆ. ಕೇಳಿದ್ರ ಸಾವಕಾರ ಕೊಡ್ತಿರಲಿಲ್ಲ. ನಿನ್ನ ಶೆಡ್ಡು ಹೋದ್ರ ನೀ ಉಪಾಸ ಸಾಯಾಂವ ಅಲ್ಲ, ನಿನಗ ಮಗ್ಗಾ ಇತ್ತು. ನನಗೇನಿತ್ತು?’

‘ಅಂದ್ರ ನಮ್ಮ ಮನಿ ರೊಟ್ಟಿ ತಿನ್ಕೋತ, ನಮ್ಮ ಮಗ್ಗಾ ನೋಡ್ಕೋತ ಇದನ್ನೆಲ್ಲಾ ಲೆಕ್ಕಾ ಹಾಕಿದಿ.’

ಬಾಗಿಲ ಮರೆಯಿಂದ ರತ್ನವ್ವ ಹೇಳಿದಳು, ‘ಅಂದಾನಪ್ಪ, ಇನ್ನ ಮ್ಯಾಲ ನನಗ ಅಕ್ಕಾ ಅನಬ್ಯಾಡ.’

ಅವನು ತುಂಡನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟುಹೋದ. ಹಸಿರು ಜೀಪು ಇನ್ನೂ ಎಷ್ಟೋ ವರ್ಷ ಹುನಗುಂದದ ರಸ್ತೆಯಲ್ಲಿ ಓಡಾಡಿತು. ಶಂಕ್ರಪ್ಪನವರು ಸಾಯುವ ತನಕವೂ ಸಂಗಪ್ಪನ ಕೈಗುಣ ತೀರಿತ್ತೆಂದೇ ತಿಳಿದಿದ್ದರು.

ಖಂಡೆಪೂಜೆಯ ಲೈಟಿನ ಸುದ್ದಿ ಕೇಳಿ ಕೆಲವು ಹಳೆಯ ಡ್ರೈವರುಗಳು ಮನೆಗೆ ಬಂದು ಕರೆದರು. ಒಂದೆರಡು ಗಾಡಿ ನೋಡಿಯೂ ಕೊಟ್ಟ. ಆದರೆ ಬಿಚ್ಚಿ ನೋಡಿದವರಿಗೆ ಒಳಗೆ ಅವನ ಗಂಟು ಸಿಗಲಿಲ್ಲ. ಎಲ್ಲರಂತೆ ಎರಡು ತುದಿ ಹಿಡಿದು ತಿರುವಿ ಟೇಪು ಸುತ್ತಿದ್ದ. ಶೆಡ್ಡಿನ ಬೀಗ ಹಾಗೆಯೇ ತುಕ್ಕು ಹಿಡಿಯಿತು.

ಎಂಬತ್ತರ ದಶಕದುದ್ದಕ್ಕೂ ಅವನು ನೇಯ್ದ. ಪವರ್‌ಲೂಮಿನ ಸದ್ದು ಓಣಿಗೆ ಬಂದ ಮೇಲೂ ಕುಣಿಮಗ್ಗ ಬಿಡಲಿಲ್ಲ, ಒಡಲು ಚೆನ್ನಾಗಿಯೇ ನೇಯುತ್ತಿದ್ದ. ಒಡಲಿನ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಕೊಂಡಿ ಹಾಕಿ ಕೂಡಿಸುವ ದಿನ ಬಂದರೆ ಮಾತ್ರ ಕುಣಿಯಿಂದ ಮೇಲೆ ಬಂದು, ಕೈ ತೊಳೆದುಕೊಂಡು, ‘ನೀನ ಹಾಕು’ ಎಂದು ರತ್ನವ್ವನನ್ನು ಕೂರಿಸಿ ಹೊರಗೆ ಹೋಗುತ್ತಿದ್ದ. ಅವಳು ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.